ಬಸ್ರೂರಿನ ಶಾಸನಕಲ್ಲುಗಳ ಪಡಿಯಚ್ಚಿಗೆ (ಅಕ್ಷರಗಳ ಕಾಗದದ ಅಚ್ಚಿಗೆ) ನೆರವು ಕೋರಿ

ಮಾನ್ಯರೇ,

ಒಂದು ಕಾಲದಲ್ಲಿ, ಕುಂದಾಪುರದ ಬಳಿ ವಾರಾಹಿ ಹೊಳೆಯ ದಂಡೆಯ ಬಂದರು ಬಸ್ರೂರಿನಿಂದ ಅಕ್ಕಿ ಹೋಗದಿದ್ದರೆ ಗೋವೆಯ ಪೋರ್ಚುಗೀಸರಿಗೆ ಊಟಕ್ಕೇ ತತ್ವಾರ. 1569ರಲ್ಲಿ ಅವರು ಇಲ್ಲಿ ಕೋಟೆ ಹಿಡಿದು ನೆಲೆಯೂರಿದ್ದರ ಹಿಂದೆ ಈ ಅಕ್ಕಿಯೂ ಇತ್ತು. ತಮ್ಮ ರಹದಾರಿ ಇಲ್ಲದ ಹಡಗನ್ನು ಅವರು ಕಡಲಲ್ಲೇ ತಡೆಯುತ್ತಿದ್ದರು. 1650ರ ದಶಕದ ಆರಂಭದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಇಲ್ಲಿಂದ ಹೊರಡಿಸಿದ. ಚಾವಿ, ಪಾದ್ರಿ ಎಂಬ ಅವರ ಮಾತುಗಳು ನಮ್ಮಲ್ಲೇ ಉಳಿದವು.

ಅವರ ಕಡತಗಳು ಗೋವೆಯಲ್ಲೂ ಲಿಸ್ಬನ್‌ನಲ್ಲೂ ಭದ್ರವಾಗಿವೆ. ಅವರಿಗೂ ಮೊದಲೇ ಈ ಬಂದರನ್ನು ನಡೆಸಿದ ಸೆಟ್ಟಿಕಾರರ, ಎಂದರೆ ಇಲ್ಲಿನ ವರ್ತಕರ ಕೂಟದವರ, ಮಾತು ಇರುವುದು ಕಲ್ಲಿನ ಮೇಲೆ. ಕರಾವಳಿಯ ಶಾಸನಗಳಲ್ಲಿ ‘ಹಂಜಮಾನ’ ಎಂಬ ಪದ ಬರುತ್ತದೆ. ಪಾರಸಿಯ ‘ಅಂಜುಮನ್’ ಕನ್ನಡ ಅಕ್ಷರದಲ್ಲಿ ಹೀಗೆ ಕೂತಿದೆ, ಕಡಲಾಚೆಯ ವರ್ತಕರ ಕೂಟಕ್ಕೆ ಹೆಸರಾಗಿ. ಇಂಥ ಒಂದು ಪದ ಅಳಿಸಿದರೆ ಮತ್ತೆ ಸಿಗುವುದಿಲ್ಲ.

ಅಳಿಸುತ್ತಿರುವುದು ಮಳೆಯೊಂದೇ ಅಲ್ಲ. ಭಕ್ತಿಯಿಂದ ಹಚ್ಚಿದ ಎಣ್ಣೆ, ಸುಣ್ಣ, ಎನಾಮಲ್ ಬಣ್ಣ ಅಕ್ಷರದ ಗೆರೆ ತುಂಬುತ್ತವೆ. ಅದನ್ನು ತೆಗೆಯಲು ಆಸಿಡ್ ಸುರಿದರೆ, ತಂತಿ ಬ್ರಷ್ ಉಜ್ಜಿದರೆ ಗೆರೆಯ ಅಂಚೇ ಸವೆಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಕಲ್ಲನ್ನು ನೆಟ್ಟಗೆ ನಿಲ್ಲಿಸಲು ಬುಡಕ್ಕೆ ಸಿಮೆಂಟ್ ಹಾಕುವುದು. ಒಪ್ಪ ಹಾಕಿದವರ ವಿವರ ಕೊನೆಯ ಸಾಲುಗಳಲ್ಲೇ ಇರುವುದುಂಟು; ಅವೇ ಹೂತುಹೋಗುತ್ತವೆ.

ಪುರಾತತ್ವ ಇಲಾಖೆಯ ಅನುಮತಿ ಬೇಕಾದ ಕಡೆ ಅದನ್ನು ಪಡೆದು, ಮೊದಲು ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ಕಲ್ಲು ತೊಳೆಯುತ್ತೇವೆ. ಪಡಿಯಚ್ಚು ತೆಗೆಯಲು ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ತಟ್ಟಿ, ಕಾಗದವನ್ನು ಅಕ್ಷರದ ತಗ್ಗಿಗೆ ಇಳಿಸಬೇಕು. ಅರೆ ಒಣಗಿದಾಗ ದೀಪದ ಕಾಡಿಗೆ ಮತ್ತು ಗೋಂದಿನ ಮಸಿಯನ್ನು ಬಟ್ಟೆಯ ಉಂಡೆಯಿಂದ ಹಗುರವಾಗಿ ಒತ್ತಬೇಕು. ಅಕ್ಷರ ಬಿಳಿ, ಸುತ್ತ ಕಪ್ಪು. ಕಾಗದ ಹೆಚ್ಚು ಒದ್ದೆಯಿದ್ದರೆ ಮಸಿ ತಗ್ಗಿಗೂ ಹರಡುತ್ತದೆ. ಹೆಚ್ಚು ಒಣಗಿದರೆ ಕಾಗದ ಏಳುತ್ತದೆ. ಮಧ್ಯಾಹ್ನ ಕಡಲಗಾಳಿ ಬೀಸುವುದರಿಂದ ಬೆಳಿಗ್ಗೆಯೇ ಕೆಲಸ ಮುಗಿಯಬೇಕು, ಮಳೆಗಾಲದಲ್ಲಿ ಆಗದು. ಡಿಸೆಂಬರಿನಿಂದ ಮಾರ್ಚ್‌ವರೆಗಿನ ದಿನಗಳೇ ನಮಗೆ ಸಿಗುವುದು.

ಪ್ರತಿ ಕಲ್ಲಿಗೆ 2 ಪಡಿಯಚ್ಚು ತೆಗೆಯುತ್ತೇವೆ: ಒಂದು ಊರಿನಲ್ಲಿ, ಒಂದು ಓದುವ ವಿದ್ವಾಂಸರಿಗೆ. ಕಾಗದ, ಮಸಿ, ನುರಿತವರ ದಿನಗೂಲಿ, ಕಲ್ಲಿಗೆ ಮಳೆ ತಡೆಯುವ ತಗಡಿನ ಮಾಡು (ಚಾವಣಿ), ಇವಿಷ್ಟಕ್ಕೇ ಹಣ ಬೇಕು. 500 ರೂಪಾಯಿಯಿಂದ ಎಷ್ಟಾದರೂ ಕೊಡಬಹುದು. ಮಾಡಿಗೆ ಮರ, ಹಂಚು ಕೊಟ್ಟರೂ ಆದೀತು. ರಶೀದಿ ತಪ್ಪದೆ ಪಡೆಯಿರಿ. ನಿಮ್ಮ ಗದ್ದೆಯಂಚಲ್ಲೋ ಬಾವಿಕಟ್ಟೆಯಲ್ಲೋ ಅಕ್ಷರವಿರುವ ಕಲ್ಲು ಕಂಡರೆ ದಯವಿಟ್ಟು ಕೀಳದೆ, ಬಣ್ಣ ಬಳಿಯದೆ, ಇದ್ದಲ್ಲೇ ಬಿಟ್ಟು ನಮಗೆ ತಿಳಿಸಿ.