ಕ್ಲಿನಿಕಲ್ ರಿಸರ್ಚ್: ಯಾವ ಸರ್ಟಿಫಿಕೇಟ್ ಯಾವಾಗ?

ಮಾನ್ಯ ಸಂಪಾದಕರೇ,

ಪದವಿ ಫಲಿತಾಂಶ ಹತ್ತಿರವಾದಂತೆ ದಾವಣಗೆರೆ, ಚಿತ್ರದುರ್ಗದ ಫಾರ್ಮಸಿ, ನರ್ಸಿಂಗ್, ಬಯೋಟೆಕ್ ವಿದ್ಯಾರ್ಥಿಗಳ ಮೊಬೈಲ್‌ಗೆ ‘ಆರು ತಿಂಗಳ ಕ್ಲಿನಿಕಲ್ ರಿಸರ್ಚ್ ಡಿಪ್ಲೊಮಾ, ಅಂತರರಾಷ್ಟ್ರೀಯ ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ’ ಎಂಬ ಸಂದೇಶಗಳು ಬರತೊಡಗುತ್ತವೆ. ಸಾಲ ಮಾಡಿ ಶುಲ್ಕ ಕಟ್ಟುವ ಮುನ್ನ ಪೋಷಕರು ಇದನ್ನು ತಿಳಿದಿರಬೇಕು: ಕ್ಲಿನಿಕಲ್ ರಿಸರ್ಚ್, ಅಂದರೆ ಹೊಸ ಔಷಧ, ಚಿಕಿತ್ಸೆಗಳನ್ನು ಜನರ ಮೇಲೆ ಪರೀಕ್ಷಿಸಿ ನೋಡುವ (ಟ್ರಯಲ್) ಕ್ಷೇತ್ರದಲ್ಲಿ ಹೆಚ್ಚು ಮನ್ನಣೆಯಿರುವ ಸರ್ಟಿಫಿಕೇಟುಗಳು ಕೆಲಸಕ್ಕೆ ಸೇರಿದ ಮೇಲೆ ಸಿಗುವಂಥವು.

ಈ ಕ್ಷೇತ್ರದ ವೃತ್ತಿಪರರ ಸಂಸ್ಥೆಯಾದ ಅಮೆರಿಕದ ಎಸಿಆರ್‌ಪಿ, ಆಸ್ಪತ್ರೆಯಲ್ಲಿ ಟ್ರಯಲ್‌ನ ದಿನನಿತ್ಯದ ಕೆಲಸ ನೋಡಿಕೊಳ್ಳುವ ಕೋಆರ್ಡಿನೇಟರ್‌ಗಳಿಗೆ ಸಿಸಿಆರ್‌ಸಿ, ಆ ಕೆಲಸ ನಿಯಮದಂತೆ ನಡೆದಿದೆಯೇ ಎಂದು ಪರಿಶೀಲಿಸುವ ಮಾನಿಟರ್‌ಗಳಿಗೆ ಸಿಸಿಆರ್‌ಎ ಪರೀಕ್ಷೆ ನಡೆಸುತ್ತದೆ. ಪದವೀಧರರಿಗೆ ಸಾಮಾನ್ಯವಾಗಿ 3,000 ಗಂಟೆಗಳ, ಅಂದರೆ ಸುಮಾರು ಒಂದೂವರೆ ವರ್ಷದ ಅನುಭವ ಬೇಕು. ಅಂಥದೇ ಇನ್ನೊಂದು ಸಂಸ್ಥೆಯಾದ ಸೋಕ್ರಾದ ಸಿಸಿಆರ್‌ಪಿ ಸರ್ಟಿಫಿಕೇಟಿಗೆ ಸಾಮಾನ್ಯವಾಗಿ 2 ವರ್ಷ. ಹೊಸಬರಿಗೂ ಇವನ್ನು ಕೊಡಿಸುತ್ತೇವೆ ಎನ್ನುವವರನ್ನು ದಯವಿಟ್ಟು ನಂಬಬೇಡಿ.

ಮೊದಲು ಬೇಕಾದದ್ದು ಜಿಸಿಪಿ, ಅಂದರೆ ಗುಡ್ ಕ್ಲಿನಿಕಲ್ ಪ್ರಾಕ್ಟೀಸ್ (ಟ್ರಯಲ್ ನಡೆಸುವ ಸರಿಯಾದ ಕ್ರಮ) ತರಬೇತಿ. ಗ್ಲೋಬಲ್ ಹೆಲ್ತ್ ಟ್ರೈನಿಂಗ್ ಸೆಂಟರ್‌ನ ಜಾಲತಾಣದಲ್ಲಿ ಇದು ಉಚಿತ. ಜಿಸಿಪಿಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಐಸಿಎಚ್ ಇ6ರ ಮೂರನೇ ಪರಿಷ್ಕರಣೆ (ಆರ್3) 2025ರ ಜನವರಿಯಲ್ಲಿ ಅಂತಿಮವಾಗಿದೆ. ಯಾವುದೇ ಕೋರ್ಸ್ ಆರಿಸಿಕೊಂಡರೂ ಅದು ‘ಆರ್3’ ಆಧರಿಸಿದೆಯೇ ನೋಡಿಕೊಳ್ಳಿ. ಜೊತೆಗೆ ನಮ್ಮ ದೇಶದ 2019ರ ನ್ಯೂ ಡ್ರಗ್ಸ್ ಅಂಡ್ ಕ್ಲಿನಿಕಲ್ ಟ್ರಯಲ್ಸ್ ರೂಲ್ಸ್ ಓದಿರಲೇಬೇಕು. ಟ್ರಯಲ್‌ನಲ್ಲಿರುವ ರೋಗಿ ಆಸ್ಪತ್ರೆಗೆ ದಾಖಲಾಗುವಂಥ ಗಂಭೀರ ಘಟನೆ ನಡೆದರೆ ಟ್ರಯಲ್ ನಡೆಸುವ ವೈದ್ಯರು 24 ಗಂಟೆಯೊಳಗೆ ಕೇಂದ್ರ ಪರವಾನಗಿ ಪ್ರಾಧಿಕಾರ, ಪ್ರಾಯೋಜಕರು (ಟ್ರಯಲ್‌ನ ಹೊಣೆ ಹೊತ್ತ ಕಂಪನಿ ಅಥವಾ ಸಂಸ್ಥೆ) ಮತ್ತು ಎಥಿಕ್ಸ್ ಕಮಿಟಿ (ರೋಗಿಗಳ ಹಿತ ಕಾಯುವ ಸಮಿತಿ), ಈ ಮೂವರಿಗೂ ತಿಳಿಸಬೇಕು. ಔಷಧದಿಂದಲೇ ಆಯಿತೇ ಎಂಬುದು ಆಮೇಲಿನ ಮಾತು.

ಕೈಗೆ ಸರ್ಟಿಫಿಕೇಟ್ ಬಂದ ಮೇಲೂ ಹೊಸಬರು ಎಡವುವುದು ರೋಗಿ ಟ್ರಯಲ್‌ಗೆ ಸೇರಲು ಒಪ್ಪಿ ಸಹಿ ಹಾಕುವ ಸಮ್ಮತಿ ಪತ್ರದಲ್ಲಿ. ಎಥಿಕ್ಸ್ ಕಮಿಟಿ ಹೊಸ ಆವೃತ್ತಿಗೆ ಒಪ್ಪಿಗೆ ಕೊಟ್ಟಿರುತ್ತದೆ, ಇವರು ಹಳೆಯದಕ್ಕೇ ಸಹಿ ಹಾಕಿಸಿರುತ್ತಾರೆ. ಟ್ರಯಲ್‌ಗೆಂದು ರಕ್ತ ತೆಗೆದದ್ದು ಬೆಳಿಗ್ಗೆ, ಸಹಿಯಾದದ್ದು ಮಧ್ಯಾಹ್ನ. ಇದು ದೊಡ್ಡ ಲೋಪ. ಜಗಳೂರು, ಮೊಳಕಾಲ್ಮೂರು ಕಡೆಯಿಂದ ಬಂದ, ಓದು ಬಾರದ ರೋಗಿ ಹೆಬ್ಬೆಟ್ಟು ಒತ್ತುವಾಗ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಮೊದಲಿನಿಂದ ಕೊನೆಯವರೆಗೆ ಜೊತೆಗಿದ್ದು, ತಾವೇ ಸಹಿ ಮಾಡಿ ದಿನಾಂಕ ಬರೆಯಬೇಕು. ವಾರ್ಡಿನಲ್ಲಿ ಸಿಕ್ಕ ಸಿಬ್ಬಂದಿಯಿಂದ ಆಮೇಲೆ ಸಹಿ ಹಾಕಿಸಿದರೆ ಆ ಸಮ್ಮತಿ ನಿಲ್ಲುವುದಿಲ್ಲ. ತಪ್ಪು ಬರೆದರೆ ವೈಟ್ನರ್ ಹಚ್ಚಬಾರದು. ಹಳೆಯದು ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು, ಚಿಕ್ಕ ಸಹಿ, ದಿನಾಂಕ. ‘ಪ್ಲಸಿಬೊ’ (ಔಷಧದಂತೆಯೇ ಕಾಣುವ, ಆದರೆ ಔಷಧವಿಲ್ಲದ ಮಾತ್ರೆ), ‘ರ‍್ಯಾಂಡಮೈಸೇಶನ್’ (ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿದಂತೆ ನಿರ್ಧರಿಸುವುದು) ಎಂದರೇನೆಂದು ಊರಿನ ಕನ್ನಡದಲ್ಲಿ ತಿಳಿಹೇಳಬಲ್ಲ ನಮ್ಮ ಮಕ್ಕಳಿಗೆ ಇಲ್ಲಿ ನಿಜವಾದ ಅನುಕೂಲವಿದೆ. ಅದನ್ನು ಅವರಿಗೆ ಯಾರೂ ಹೇಳುತ್ತಿಲ್ಲ.

ಮೊದಲ ಕೆಲಸ ಹುಡುಕಲು ಸಿಟಿಆರ್‌ಐ, ಅಂದರೆ ದೇಶದ ಟ್ರಯಲ್‌ಗಳ ನೋಂದಣಿಯ ಜಾಲತಾಣ ನೋಡಿ. ನೋಂದಣಿಯಾದ ಪ್ರತಿ ಟ್ರಯಲ್ ಯಾವ ಊರಿನ ಯಾವ ಆಸ್ಪತ್ರೆಯಲ್ಲಿ, ಯಾವ ವೈದ್ಯರ ಬಳಿ ನಡೆಯುತ್ತಿದೆ ಎಂಬ ವಿವರ ಅಲ್ಲಿದೆ. ದಾವಣಗೆರೆಯನ್ನು ಇಂಗ್ಲಿಷಿನಲ್ಲಿ ಎರಡು ಬಗೆಯಲ್ಲಿ ಬರೆಯುವುದರಿಂದ ಎರಡನ್ನೂ ಹಾಕಿ ಹುಡುಕಿ. ಆ ವೈದ್ಯರನ್ನು ನೇರವಾಗಿ ಕಂಡು ಕೋಆರ್ಡಿನೇಟರ್ ಅಥವಾ ಸಹಾಯಕರ ಕೆಲಸ ಕೇಳುವುದರಲ್ಲಿ ಸಂಕೋಚ ಬೇಡ.

ಎರಡೂ ಜಿಲ್ಲೆಗಳ ಫಾರ್ಮಸಿ, ನರ್ಸಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು ಅಂತಿಮ ವರ್ಷದವರಿಗೆ ಜಿಸಿಪಿ ಕೋರ್ಸ್ ಮಾಡಿಸಿ, ಕನ್ನಡದ ಸಮ್ಮತಿ ಪತ್ರ ಕೈಗೆ ಕೊಟ್ಟು ಎರಡು ದಿನ ಅಭ್ಯಾಸ ಮಾಡಿಸಲಿ ಎಂದು ವಿನಂತಿ.

– ಕ್ಲಿನಿಕಲ್ ರಿಸರ್ಚ್ ಉದ್ಯೋಗಿಗಳು, ದಾವಣಗೆರೆ