ಗಣಿತ ಶಿಕ್ಷಕರು ಜೂನ್‌ನಲ್ಲೇ ಬರಲಿ

ಮಾನ್ಯರೇ,

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಎಲ್ಲರೂ ಪ್ರೌಢಶಾಲೆಗಳನ್ನು ದೂರುತ್ತಾರೆ. ಆದರೆ ಗಣಿತ ಕೈತಪ್ಪುವುದು ಆರರಿಂದ ಎಂಟನೇ ತರಗತಿಯಲ್ಲಿ. 1/2ಕ್ಕೆ 1/3 ಕೂಡಿಸಲು ಹೇಳಿ ನೋಡಿ: ಎಷ್ಟೋ ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/5 ಎಂದು ಬರೆಯುತ್ತಾರೆ. ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ ಎಂದು ಕೇಳಿ, ಛೇದ 6 ಮಾಡಿಸಿ, 5/6 ತರಿಸಲು ಗಣಿತ ಓದಿದವರೇ ಬೇಕು. ಈ ತರಗತಿಗಳಿಗೆ 35 ಮಕ್ಕಳಿಗೊಬ್ಬ ಶಿಕ್ಷಕರು, ವಿಜ್ಞಾನ-ಗಣಿತಕ್ಕೆ ಕನಿಷ್ಠ ಒಬ್ಬರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಹುದ್ದೆ ಖಾಲಿ ಇರುವಲ್ಲಿ ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಪಾಠಗಳೇ ದಾಟಿರುತ್ತವೆ. ಅವರ ಆಯ್ಕೆ ಮೇ ತಿಂಗಳಲ್ಲೇ ಮುಗಿಯಲಿ.

ಹತ್ತಿ ಬಿಡಿಸುವ ಕಾಲಕ್ಕೆ ಹಿಂದಿನ ಬೆಂಚುಗಳು ಬರಿದಾಗುತ್ತವೆ, ಅದರಲ್ಲೂ ಹುಡುಗಿಯರವು. ಮಗು ಮೂರು ದಿನ ಬಾರದಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರು ಮನೆಗೆ ಹೋಗಬೇಕು. ತಿಂಗಳು ಕಳೆದರೆ ಮಗು ಬಂದರೂ ಪಾಠ ಹತ್ತುವುದಿಲ್ಲ. ಮರಳಿದವರಿಗೆ ದಿನಾ 40 ನಿಮಿಷ, ತರಗತಿ ನೋಡದೆ ಕಲಿಕೆಯ ಮಟ್ಟ ನೋಡಿ ಗುಂಪು ಮಾಡಿ, ಮಗ್ಗಿ, ಭಾಗಾಕಾರದಿಂದಲೇ ಕಲಿಸಲಿ.

– ಪಾಲಕರು, ಶಹಾಪುರ