ಮಳೆ ರಜೆ, ತುರ್ತು ಸುದ್ದಿ: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ.

ಮೊನ್ನೆ ಮಳೆ ದಿನ ಬೆಳಗ್ಗೆ ಕಾಲೇಜಿನ ವೆಬ್‌ಸೈಟ್ ತೆರೆಯಲೇ ಇಲ್ಲ. ಅಷ್ಟರಲ್ಲಿ ಹೋದ ವರ್ಷ ಡಿಸಿ ಕೊಟ್ಟಿದ್ದ ರಜೆ ಆದೇಶದ ಫೋಟೊ, ದಿನಾಂಕ ಮಾತ್ರ ತಿದ್ದಿದ್ದು, ನಮ್ಮ ಈ ಗುಂಪಿನಲ್ಲಿ ಹನ್ನೊಂದು ಸಲ ಬಂತು! ಕೆಳಗಿದ್ದ ಸಹಿ ಹಳೆ ಡಿಸಿಯವರದ್ದು ಅಂತ ಯಾರೂ ನೋಡಲಿಲ್ಲ.

ಹಾಸ್ಟೆಲಿನವರು, ಬಸ್ಸಲ್ಲಿ ಬರುವವರು ಇಬ್ಬರೂ ಗಮನಿಸಿ. ಇನ್ನು ಮೇಲೆ ರಜೆ ಸುದ್ದಿಯನ್ನು ಪ್ರಿನ್ಸಿಪಾಲರ ಆಫೀಸಿನಲ್ಲಿ ಕೇಳಿಕೊಂಡು ನಾನೇ ಹಾಕುತ್ತೇನೆ. ಅಲ್ಲಿವರೆಗೆ ಸುಮ್ನೆ ಫಾರ್ವರ್ಡ್ ಬೇಡ.

ನೀರು ನುಗ್ಗಿದರೆ, ಗುಡ್ಡ ಜರಿದರೆ ಜಿಲ್ಲಾ ಕಂಟ್ರೋಲ್ ರೂಮ್ 1077. ಜೀವಕ್ಕೆ ಅಪಾಯ ಅನ್ನಿಸಿದರೆ ಸೀದಾ 112. ಗುಂಪಿಗೆ ಬರೆಯುವುದು, ವಿಡಿಯೊ ಹಾಕುವುದು ಆಮೇಲೆ. ನೆಟ್ ಇಲ್ಲದಾಗಲೂ ಎಸ್ಎಂಎಸ್ ಕೆಲವೊಮ್ಮೆ ಹೋಗುತ್ತದೆ, ಪ್ರಯತ್ನಿಸಿ.

ಶುಕ್ರವಾರ ಸಂಜೆಯೊಳಗೆ ರೂಮ್ ನಂಬರ್, ಮನೆಯವರ ಫೋನ್ ನಂಬರ್ ನನಗೊಬ್ಬನಿಗೇ ಕಳಿಸಿ, ಗುಂಪಿನಲ್ಲಿ ಬೇಡ. ಓದಿದವರು ‘ಸರಿ’ ಅಂತ ಉತ್ತರಿಸಿ.